ಬಾಗಿಲು ತಟ್ಟಿದವರು ದುಡ್ಡು ಬೇಡ ಅಂದರು

ಬೆಲ್ ಆದಾಗ ರಾತ್ರಿ ಎಂಟೂವರೆ ಇರಬೇಕು. 2023ರ ರಂಜಾನ್ ತಿಂಗಳು, ಅರ್ಧ ಕಳೆದಿತ್ತು. ನಾವು ಒಮಾನಿನ ರಾಜಧಾನಿ ಮಸ್ಕತ್ತಿನ ರೂವಿ ಬಡಾವಣೆಯ ಫ್ಲಾಟ್ ಬಿಟ್ಟು ಊರಾಚೆ ಸೀಬ್ ಕಡೆ ಒಂದು ವಿಲ್ಲಾದ ಕೆಳಗಿನ ಮನೆಗೆ ಬಂದು ಐದು ತಿಂಗಳಾಗಿತ್ತು. ಇಷ್ಟು ಹೊತ್ತಿಗೆ ಯಾರಪ್ಪಾ ಅಂತ ಬಾಗಿಲ ತೂತಿನಲ್ಲಿ ಇಣುಕಿದೆ. ಏಳೆಂಟು ಮಕ್ಕಳು. ಹುಡುಗರಿಗೆ ಬಿಳಿ ನಿಲುವಂಗಿ ದಿಶ್‌ದಾಶಾ, ತಲೆಗೆ ಕಸೂತಿ ಹಾಕಿದ ಕುಮ್ಮಾ ಟೋಪಿ. ಹುಡುಗಿಯರಿಗೆ ಜರಿ ಅಂಚಿನ ಬಣ್ಣಬಣ್ಣದ ಬಟ್ಟೆ. ಎಲ್ಲರ ಕೊರಳಲ್ಲೂ ಒಂದೊಂದು ಚೀಲ.

ನನ್ನ ಕೈ ತಾನಾಗೇ ಜೇಬಿಗೆ ಹೋಯಿತು. ದಾವಣಗೆರೆಯವನು ನಾನು. ಹಬ್ಬದ ಹೊತ್ತಲ್ಲಿ ಗುಂಪಾಗಿ ಬಂದು ಬಾಗಿಲು ತಟ್ಟಿದರೆ ಏನರ್ಥ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಒಂದು ರಿಯಾಲ್ ನೋಟು ತೆಗೆದು ಮುಂದೆ ನಿಂತಿದ್ದ ಹುಡುಗನ ಕೈಗಿಟ್ಟೆ. ಅವನು ನೋಟು ನೋಡಿದ, ನನ್ನ ಮುಖ ನೋಡಿದ, ಆಮೇಲೆ ತಿರುಗಿ ಗೇಟಿನ ಹತ್ತಿರ ನಿಂತಿದ್ದ ತಾಯಿಯನ್ನು ನೋಡಿದ. ಆಕೆ ನಕ್ಕುಬಿಟ್ಟರು. ಇಲ್ಲಿ ಹಿಂದಿ ಬರುವ ಒಮಾನಿಗಳು ಬೇಕಾದಷ್ಟು ಜನ. 'ಪೈಸಾ ನಹೀ ಭಯ್ಯಾ, ಮಿಠಾಯಿ' ಅಂದರು. ಹುಡುಗ ನೋಟನ್ನು ವಾಪಸ್ ಕೊಟ್ಟ.

ಇಷ್ಟು ವರ್ಷದಲ್ಲಿ ಹಬ್ಬಕ್ಕೆ ಅಂತ ಮನೆ ಬಾಗಿಲಿಗೆ ಬಂದವರು ದುಡ್ಡು ವಾಪಸ್ ಕೊಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಒಳಗೆ ಓಡಿದೆ. ಮನೆಯಲ್ಲಿ ಚಾಕಲೇಟ್ ಇರಲಿಲ್ಲ. ಊರಿಂದ ತಂದ ಶೇಂಗಾ ಉಂಡೆ ಡಬ್ಬಿಯಲ್ಲಿತ್ತು. ನನ್ನ ಹೆಂಡತಿ ಅದನ್ನೇ ಒಂದೊಂದು ಹಾಕಿದಳು. ಒಬ್ಬ ಅಲ್ಲೇ ಕಚ್ಚಿ ನೋಡಿದ. ಪಾಕ ಸ್ವಲ್ಪ ಜಾಸ್ತಿಯಾಗಿತ್ತು, ಉಂಡೆ ಕಲ್ಲಿನ ಹಾಗೆ. ಮುಖ ಹಿಂಡಿದ. ಆದರೂ ಉಗುಳಲಿಲ್ಲ, ಪಾಪ. ಹಾಡು ಹೇಳುತ್ತಾ ಪಕ್ಕದ ಮನೆಗೆ ಹೋದರು.

ಇದರ ಹೆಸರು ಕರನ್‌ಕಶೋ. ರಂಜಾನ್ ಮಧ್ಯದ ಹುಣ್ಣಿಮೆ ಹೊತ್ತಿನ ರಾತ್ರಿ ಒಮಾನಿನ ಮಕ್ಕಳು ಮನೆಮನೆಗೂ ಹೋಗಿ ಹಾಡು ಹೇಳಿ ಮಿಠಾಯಿ, ಕಡಲೆಬೀಜ, ಚಾಕಲೇಟ್ ಕೇಳುವ ರೂಢಿ. ಹಿಂದೆ ಕಪ್ಪೆಚಿಪ್ಪು, ಕಲ್ಲು ಕುಟ್ಟಿ ಸದ್ದು ಮಾಡುತ್ತಾ ಬರುತ್ತಿದ್ದರಂತೆ. ಆ ಸದ್ದೇ ಹೆಸರಾಯಿತು ಅನ್ನುತ್ತಾರೆ ಇಲ್ಲಿಯವರು. ಕುವೈತಿನಲ್ಲಿ ಇದೇ ಹಬ್ಬಕ್ಕೆ ಗರ್ಗಿಆನ್, ಕತಾರಿನಲ್ಲಿ ಗರಂಗಾವ್. ದುಬೈ ಕಡೆ ರಂಜಾನಿಗೆ ಮೊದಲೇ, ಶಾಬಾನ್ ತಿಂಗಳ ನಡುವೆ ಮುಗಿಸಿಬಿಡುತ್ತಾರೆ.

ಹುಣ್ಣಿಮೆ, ಮಕ್ಕಳ ಗುಂಪು, ಮನೆಮನೆ ತಿರುಗಾಟ ಅಂದರೆ ನಮ್ಮ ಕಡೆಯವರಿಗೆ ಏನು ನೆನಪಾಗುತ್ತೆ ಹೇಳಿ? ಕಾಮಣ್ಣ. 2025ರಲ್ಲಂತೂ ಹೋಳಿ ಹುಣ್ಣಿಮೆಯೂ ಕರನ್‌ಕಶೋ ರಾತ್ರಿಯೂ ಹೆಚ್ಚುಕಡಿಮೆ ಒಟ್ಟಿಗೇ ಬಂದಿದ್ದವು. ನಾವೂ ಹೀಗೇ ಮನೆಮನೆಗೆ ಹೋಗುತ್ತಿದ್ದೆವು. ಕೊಟ್ಟರೆ ಕಟ್ಟಿಗೆ ತಗೊಳ್ಳೋದು, ಕೊಡದಿದ್ದರೆ ರಾತ್ರಿ ಹೋಗಿ ಕದಿಯೋದು. ಸಗಣಿ ಕುಳ್ಳು, ಹಳೇ ಕುರ್ಚಿ, ಒಂದು ಸಲ ಯಾರದೋ ಹಿತ್ತಲಿನ ಬಾಗಿಲೇ ಕಾಮಣ್ಣನ ಪಾಲಾಗಿತ್ತು. ನಮ್ಮ ಹಾಡನ್ನಂತೂ ಇಲ್ಲಿ ಬರೆಯುವ ಹಾಗಿಲ್ಲ. ಓದುವವರಿಗೆ ಗೊತ್ತು.

ಅದು ಬಿಡಿ, ಮಕ್ಕಳಾಟ. ನನಗೆ ಜೇಬಿಗೆ ಕೈ ಹಾಕುವ ಅಭ್ಯಾಸ ಬಂದಿದ್ದು ಕಾಮಣ್ಣನಿಂದ ಅಲ್ಲ, ಗಣಪತಿಯಿಂದ.

ಅಪ್ಪನದು ಸಣ್ಣ ಕಿರಾಣಿ ಅಂಗಡಿ. ಶ್ರಾವಣ ಮುಗಿಯುವ ಹೊತ್ತಿಗೆ ಪಟ್ಟಿ, ಅಂದರೆ ಹಬ್ಬದ ಚಂದಾ, ಕೇಳುವವರು ಶುರು. ನಮ್ಮ ಓಣಿಯೊಂದರಲ್ಲೇ ನಾಲ್ಕು ಗಣಪತಿ. ಮೊದಲು ಒಂದೇ ಇತ್ತು. ಜಗಳವಾದಾಗಲೆಲ್ಲ ಒಂದೊಂದು ಹುಟ್ಟಿಕೊಂಡಿತು. ಪಕ್ಕದ ಓಣಿಯವರು ಬೇರೆ, ಮಾರ್ಕೆಟ್ಟಿನವರು ಬೇರೆ. ಕ್ಯಾಶ್ ಪೆಟ್ಟಿಗೆಯ ಹಿಂದೆ ಗೋಡೆಗೆ ಒಂದು ಮೊಳೆ ಹೊಡೆದು ಅಪ್ಪ ರಸೀದಿಗಳನ್ನು ಚುಚ್ಚಿ ಇಡುತ್ತಿದ್ದರು. ಗುಲಾಬಿ, ಹಳದಿ, ತಿಳಿಹಸಿರು. ಪ್ರತಿಯೊಂದರ ಮೇಲೂ ಒಂದು ಮಸುಕು ಗಣಪತಿ. ಒಂದು ವರ್ಷ ಎಣಿಸಿದ್ದೆ, ಹದಿನಾಲ್ಕು ಇದ್ದವು. ಆ ವರ್ಷವೇ ಇರಬೇಕು, ಒಂದು ಗುಂಪು ಬಂದು ರಸೀದಿಯನ್ನು ಮೊದಲೇ 501 ಅಂತ ತುಂಬಿಕೊಂಡು ಬಂದಿತ್ತು. ಹರಿದು ಕೈಗೆ ಕೊಟ್ಟರು. ಅಪ್ಪ 51 ಕೊಟ್ಟರು. 'ಇಟ್ಕೊಳ್ಳಿ ಅಂಕಲ್, ನಿಮಗೇ ಬೇಕಾಗುತ್ತೆ' ಅಂತ ಕೌಂಟರ್ ಮೇಲೆ ಇಟ್ಟು ಹೋದರು. ಬೆಳಗ್ಗೆ ನೋಡಿದರೆ ಅಂಗಡಿ ಮುಂದಿನ ಟ್ಯೂಬ್‌ಲೈಟ್ ಒಡೆದಿತ್ತು. ಯಾರು ಅಂತ ಎಲ್ಲರಿಗೂ ಗೊತ್ತು. ಅಪ್ಪ ಏನೂ ಅನ್ನಲಿಲ್ಲ. ಮುಂದಿನ ವರ್ಷ 501 ಕೊಟ್ಟರು.

ಒಮಾನಿನಲ್ಲಿ ಇದು ನಡೆಯಲ್ಲ. ಅನುಮತಿ ಇಲ್ಲದೆ ಜನರ ಹತ್ತಿರ ದುಡ್ಡು ಎತ್ತುವುದೇ ಇಲ್ಲಿ ಅಪರಾಧ. ದೇವರ ಹೆಸರಲ್ಲಾದರೂ ಅಷ್ಟೇ, ಧರ್ಮಕಾರ್ಯಕ್ಕಾದರೂ ಅಷ್ಟೇ. ಈ ಕಾನೂನು ಗೊತ್ತಾದ ದಿನ ನಾನು ಮಾಡಿದ ಮೊದಲ ಕೆಲಸ ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದ್ದು. 'ಹೌದಾ? ಮತ್ತೆ ಹಬ್ಬ ಹೆಂಗೆ ಮಾಡ್ತಾರೆ?' ಅಂದರು.

ಹೆಂಗೆ ಮಾಡ್ತಾರೆ ಅಂದರೆ, ಅವರವರ ಮನೆಯಲ್ಲಿ ಮಾಡ್ತಾರೆ. ಈದ್ ಹತ್ತಿರ ಬಂದರೆ ನಿಜ್ವಾ ಕಡೆ ಹಬ್ತಾ ಅಂತ ಸಂತೆ ಸೇರುತ್ತೆ. ಆಡು, ಕುರಿ, ಹಲ್ವಾ, ಮಕ್ಕಳ ಆಟಿಕೆ. ನಮ್ಮ ಹಬ್ಬದ ಸಂತೆಯ ಹಾಗೇ, ಚೌಕಾಸಿಯೂ ಹಾಗೇ. ಆಮೇಲೆ ಶುವಾ. ಮಸಾಲೆ ಹಚ್ಚಿದ ಮಾಂಸವನ್ನು ಎಲೆಯಲ್ಲಿ ಸುತ್ತಿ, ಚೀಲಕ್ಕೆ ಹಾಕಿ, ನೆಲದಲ್ಲಿ ತೋಡಿದ ಕೆಂಡದ ಗುಂಡಿಯಲ್ಲಿ ಮುಚ್ಚಿ ಒಂದೆರಡು ದಿನ ಬಿಡುತ್ತಾರೆ. ಎಷ್ಟೋ ಕಡೆ ಊರಿಗೆಲ್ಲ ಒಂದೇ ಗುಂಡಿ. ಗುರುತಿಗೆ ಅವರವರ ಚೀಲಕ್ಕೆ ಅವರವರ ತಂತಿ, ದಾರ. ನಾವು ಮಾಂಸ ತಿನ್ನಲ್ಲ ಅಂತ ಪಕ್ಕದ ಮನೆಯವರಿಗೆ ಗೊತ್ತಾದ ಮೇಲೆ ಶುವಾ ಬದಲು ಹಲ್ವಾ ಬರತೊಡಗಿತು. ಒಮಾನಿ ಹಲ್ವಾ ಅಂದರೆ ನಮ್ಮ ಗೋಧಿ ಹಲ್ವಾ ಅಲ್ಲ. ಪಿಷ್ಟ, ಸಕ್ಕರೆ, ತುಪ್ಪ, ಕೇಸರಿ, ಏಲಕ್ಕಿ, ಗುಲಾಬಿ ನೀರು ಹಾಕಿ ತಾಮ್ರದ ಹಂಡೆಯಲ್ಲಿ ಕೈ ಬಿಡದೆ ತಿರುವಬೇಕು. ಕಂದು ಬಣ್ಣ, ಅಲುಗಾಡಿಸಿದರೆ ನಡುಗುತ್ತೆ.

ಮೊದಲ ಸಲ ಬಂದಿದ್ದು ಗಾಜಿನ ಬಟ್ಟಲಿನಲ್ಲಿ. ಪಾತ್ರೆ ಖಾಲಿ ಕಳಿಸಬಾರದು ಅಲ್ವಾ? ಹೆಂಡತಿ ಅದರಲ್ಲಿ ಹೋಳಿಗೆ ಇಟ್ಟು ಕಳಿಸಿದಳು. ಮೂರು ದಿನಕ್ಕೆ ಅದೇ ಬಟ್ಟಲು ಖರ್ಜೂರ ತುಂಬಿಕೊಂಡು ವಾಪಸ್ ಬಂತು. ಇವಳು ಚಕ್ಕುಲಿ ಹಾಕಿದಳು. ಈಗ ಆ ಬಟ್ಟಲು ಯಾರದು ಅಂತ ಎರಡೂ ಮನೆಯವರಿಗೆ ಮರೆತುಹೋಗಿದೆ ಅನ್ನಿಸುತ್ತೆ.

ಚಂದ್ರನ ವಿಷಯವೂ ಹೇಳಲೇಬೇಕು. ಇಲ್ಲಿ ಹಬ್ಬ ಯಾವತ್ತು ಅಂತ ಹಿಂದಿನ ಸಂಜೆ ತನಕ ಯಾರಿಗೂ ಖಾತ್ರಿ ಇಲ್ಲ. ಟಿಕೆಟ್ ಬುಕ್ ಮಾಡುವವರ ಪಾಡು ಕೇಳಬೇಡಿ. 2025ರಲ್ಲಿ ಸೌದಿ, ದುಬೈನವರು ಮಾರ್ಚ್ 30ಕ್ಕೆ ಈದ್ ಮಾಡಿದರು, ಒಮಾನಿನವರು 31ಕ್ಕೆ. ಆ ಮೂವತ್ತನೇ ತಾರೀಕು ನಮಗೆ ಯುಗಾದಿ. ಬೇವು-ಬೆಲ್ಲ ತಿಂದು ಸಂಜೆ ಮಾಳಿಗೆ ಹತ್ತಿ ಪಶ್ಚಿಮಕ್ಕೆ ಕತ್ತೆತ್ತಿ ನಿಂತರೆ ಪಕ್ಕದ ಮಾಳಿಗೆಯಲ್ಲಿ ಅವರೂ ಕತ್ತೆತ್ತಿ ನಿಂತಿದ್ದಾರೆ. ಕೂದಲೆಳೆಯಂಥ ಚಂದ್ರ. ನನ್ನ ಮಗಳು ನಮ್ಮ ಕಾಲಿಗೆ ಬಿದ್ದಳು. ಅಲ್ಲಿ ಆ ಮನೆಯ ಮಕ್ಕಳು ಅಜ್ಜನ ಕೈಗೂ ನೆತ್ತಿಗೂ ಮುತ್ತು ಕೊಡುತ್ತಿದ್ದರು. ಮರುದಿನ ಅಜ್ಜ ನನ್ನ ಮಗಳಿಗೂ ಸೇರಿಸಿ ನೂರು ಬೈಸಾದ ಹೊಚ್ಚ ಹೊಸ ನೋಟು ಹಂಚಿದರು. ದುಡ್ಡು ದೊಡ್ಡವರಿಂದ ಚಿಕ್ಕವರಿಗೆ ಹೋಗಬೇಕು, ಅದೇ ಸರಿ ದಾರಿ ಅಂತ ಅವತ್ತು ಹೆಂಡತಿ ಮುಂದೆ ದೊಡ್ಡ ಭಾಷಣ ಮಾಡಿದೆ. ನಮ್ಮ ಊರಿನ ಗಣಪತಿ ಸಂಘದವರಿಗೆಲ್ಲ ಇಲ್ಲಿ ಟ್ರೇನಿಂಗ್ ಕೊಡಿಸಬೇಕು ಅಂತಲೂ ಅಂದೆ.

ಅವಳು ಒಂದೇ ಮಾತು ಕೇಳಿದಳು. 'ರೂವಿಯಲ್ಲಿ ಒಂಬತ್ತು ವರ್ಷ ಇದ್ವಲ್ಲ, ಯಾರು ಬಂದಿದ್ರು?'

ಯಾರೂ ಬಂದಿರಲಿಲ್ಲ. ಅದು ನಿಜ. ರೂವಿಯ ನಮ್ಮ ಬಿಲ್ಡಿಂಗ್ ಪೂರ್ತಿ ನಮ್ಮಂಥವರೇ. ಮಲಯಾಳಿ, ಗುಜರಾತಿ, ಬಂಗಾಳಿ. ಅಲ್ಲಿಗೆ ಕರನ್‌ಕಶೋ ಬರಲ್ಲ. ಒಂಬತ್ತು ರಂಜಾನ್ ಕಳೆದರೂ ಹೀಗೊಂದು ರಾತ್ರಿ ಇದೆ ಅಂತಲೇ ನನಗೆ ಗೊತ್ತಾಗಿರಲಿಲ್ಲ. ಲೇಬರ್ ಕ್ಯಾಂಪುಗಳಲ್ಲಿ ಇರುವ ನಮ್ಮ ರಾಯಚೂರು, ಕಲಬುರಗಿ ಕಡೆಯ ಹುಡುಗರಿಗಂತೂ ಹಬ್ಬ ಅಂದರೆ ನಿದ್ದೆ ಮಾಡಲು ಸಿಗುವ ರಜೆ, ಅಷ್ಟೇ.

ನ್ಯಾಷನಲ್ ಡೇ ಬಂದರೂ ಹಾಗೇ. 2024ರವರೆಗೆ ಅದು ನವೆಂಬರ್ 18ಕ್ಕೆ, ಸುಲ್ತಾನ್ ಕಾಬೂಸರ ಹುಟ್ಟಿದ ದಿನ. 2025ರಿಂದ ಈಗಿನ ಸುಲ್ತಾನ್ ಹೈತಮರು ಅದನ್ನು 20ಕ್ಕೆ ಬದಲಾಯಿಸಿದರು. 1744ರಲ್ಲಿ ಇಮಾಮ್ ಅಹ್ಮದ್ ಬಿನ್ ಸಯೀದ್ ಈ ರಾಜಮನೆತನ ಶುರುಮಾಡಿದ ದಿನವಂತೆ. ರಸ್ತೆಗೆಲ್ಲ ಕೆಂಪು, ಬಿಳಿ, ಹಸಿರು ದೀಪ, ಆಕಾಶದ ತುಂಬ ಪಟಾಕಿ. ಚೆಂದವೋ ಚೆಂದ. ಆದರೆ ಎಲ್ಲ ಸರ್ಕಾರದ್ದು. ನಾವು ಕಾರು ನಿಲ್ಲಿಸಿ, ನೋಡಿ, ವಿಡಿಯೋ ಮಾಡಿ ಮನೆಗೆ ಬರುತ್ತೇವೆ. ನಮ್ಮ ಕಡೆ ರಾಜ್ಯೋತ್ಸವ ನವೆಂಬರ್ 1ಕ್ಕೆ ಅಂತ ಹೆಸರು, ನಡೆಯೋದು ಡಿಸೆಂಬರ್ ತನಕ. ಯಾವ ಓಣಿಗೆ ಪಟ್ಟಿ ಯಾವಾಗ ಕೂಡುತ್ತೋ ಆವಾಗ. ಆರ್ಕೆಸ್ಟ್ರಾದವನು ಅಪಸ್ವರ ಹಾಡಿದರೆ ಅಪ್ಪ ಮುಂದಿನ ಸಾಲಿನಿಂದಲೇ 'ನಿಲ್ಸೋ ಸಾಕು' ಅಂತ ಕೂಗುತ್ತಿದ್ದರು. ಕೂಗುವ ಹಕ್ಕಿತ್ತು. ಕೊಟ್ಟಿದ್ದರಲ್ಲ.

ಓಣಿ ಗಣಪತಿ ಪಟ್ಟಿಯಲ್ಲಿ ಬೇಕರಿ ಸಾಬರ ಹೆಸರೂ ಇರುತ್ತಿತ್ತು, ಬಾಡಿಗೆಗೆ ಬಂದ ಮಾರ್ವಾಡಿಯದೂ ಇರುತ್ತಿತ್ತು. ಬೇಕರಿ ಸಾಬರಂತೂ ವಿಸರ್ಜನೆ ದಿನ ಬನ್ನು ಹಂಚುತ್ತಿದ್ದರು. ನಿನ್ನೆ ಬಂದವನನ್ನೂ ಬಿಡುತ್ತಿರಲಿಲ್ಲ ನಮ್ಮ ಹುಡುಗರು. ಬಿಡದೆ ಕಾಡುವುದರಲ್ಲಿ ಅಂಥ ಒಳ್ಳೆಯ ಉದ್ದೇಶವೇನೂ ಇರಲಿಲ್ಲ, ಒಪ್ಪುತ್ತೇನೆ. ಅರ್ಧ ದುಡ್ಡು ಡಿಜೆಗೆ ಹೋಗುತ್ತಿತ್ತು. ಒಡೆದ ಟ್ಯೂಬ್‌ಲೈಟನ್ನು ನಾನಿನ್ನೂ ಕ್ಷಮಿಸಿಲ್ಲ. ಆದರೆ ಹತ್ತು ವರ್ಷಕ್ಕೂ ಮಿಕ್ಕಿ ಇರುವ ಈ ದೇಶದಲ್ಲಿ ಆ ಕರನ್‌ಕಶೋ ಹುಡುಗ ಕೈ ಚಾಚುವ ತನಕ ಹಬ್ಬಕ್ಕೆ ಅಂತ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ನಾನಾದರೋ ಅವನ ಕೈಗೆ ನೋಟು ತುರುಕಿದ್ದೆ.

ಇನ್ನು ನಮ್ಮ ಗಣಪತಿ ಇಲ್ಲಿ ನಾಲ್ಕು ಗೋಡೆಯೊಳಗೆ. ದಾರ್ಸೈತಿನ ಕೃಷ್ಣ ದೇವಸ್ಥಾನ ಇದೆ, ಹಳೇ ಮಸ್ಕತ್ತಿನಲ್ಲಿ ಅರಮನೆ ಹತ್ತಿರವೇ ಶಿವನ ಗುಡಿ ಇದೆ. ಯಾರೂ ಬೇಡ ಅನ್ನಲ್ಲ. ಆದರೆ ಮನೆ ಗಣಪತಿಯನ್ನು ಬಕೆಟ್ಟಿನಲ್ಲಿ ಮುಳುಗಿಸುವಾಗ ತಮಟೆ ಇಲ್ಲ, ಕುಣಿತ ಇಲ್ಲ. ಮಗಳು ಮೊಬೈಲಿನಲ್ಲಿ ತಮಟೆ ಸದ್ದು ಹಾಕುತ್ತಾಳೆ, ನಾನು ಪಕ್ಕದವರಿಗೆ ಕೇಳಿಸೀತು ಅಂತ ಕಡಿಮೆ ಮಾಡುತ್ತೇನೆ.

ಕಳೆದ ಎರಡು ವರ್ಷದಿಂದ ಅವಳು ಕರನ್‌ಕಶೋಗೆ ಪಕ್ಕದ ಮನೆ ಮಕ್ಕಳ ಜೊತೆ ಹೋಗುತ್ತಾಳೆ. ಅವರಮ್ಮನೇ ಬಂದು ಕರೆದುಕೊಂಡು ಹೋದರು. ಹಾಡನ್ನು ಅಪ್ಪಟ ದಾವಣಗೆರೆ ಧಾಟಿಯಲ್ಲಿ ಹೇಳುತ್ತಾಳೆ. ಈಗ ಹೈಪರ್‌ಮಾರ್ಕೆಟ್ಟಿನಲ್ಲಿ ರೆಡಿಮೇಡ್ ಪ್ಯಾಕೆಟ್ ಸಿಗುತ್ತವೆ. ನಾವೂ ಅದನ್ನೇ ತಂದಿಡುತ್ತೇವೆ. ಶೇಂಗಾ ಉಂಡೆ ಯಾರೂ ಮತ್ತೆ ಕೇಳಲಿಲ್ಲ.

ಹೋದ ವರ್ಷ ಚೌತಿಗೆ ವಾರ ಇರುವಾಗ ತಮ್ಮನ ಫೋನ್. 'ಅಣ್ಣ, ಓಣಿ ಹುಡುಗ್ರು ಬಂದಿದಾರೆ. ಮಸ್ಕತ್ತಿನವ್ರು ಜಾಸ್ತಿ ಕೊಡ್ಬೇಕಂತೆ.' ಹಿಂದೆ ಅವರ ದನಿ ಕೇಳಿಸುತ್ತಿತ್ತು. ಐದು ನಿಮಿಷ ಬೈದೆ. ಇಲ್ಲಾಗಿದ್ದರೆ ಒಳಗೆ ಹಾಕುತ್ತಿದ್ದರು ಅಂದೆ. ಆಮೇಲೆ ಕೊಡು ಅಂದೆ. ರಾತ್ರಿ ವಾಟ್ಸಾಪಿನಲ್ಲಿ ರಸೀದಿಯ ಫೋಟೋ ಬಂತು. ಗುಲಾಬಿ ಬಣ್ಣ, ಮಸುಕು ಗಣಪತಿ, 2,001 ರೂಪಾಯಿ. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು, ಅಂಗಡಿಯೂ ಇಲ್ಲ. ರಸೀದಿ ಅಪ್ಪನ ಹೆಸರಿಗೇ ಬರೆದಿದ್ದರು.