50 ತುಂಬಿದ ಮೇಲೆ ಅಂಚೆಯಲ್ಲಿ ಬಂದ ಬಾಟಲಿ

ನನಗೆ 50 ತುಂಬಿದ ಸ್ವಲ್ಪ ದಿನಕ್ಕೆ ಅಂಚೆಯಲ್ಲಿ ಒಂದು ಲಕೋಟೆ ಬಂತು. ಕಳಿಸಿದ್ದು ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ, ಎನ್‌ಎಚ್‌ಎಸ್. ಒಳಗೆ ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆಗೆಂದು ಪುಟ್ಟ ಪ್ಲಾಸ್ಟಿಕ್ ಬಾಟಲಿ. ಮುಚ್ಚಳ ತಿರುಗಿಸಿದರೆ ಅದರ ಜೊತೆಗೇ ಒಂದು ಕಡ್ಡಿ ಬರುತ್ತದೆ, ತುದಿಯಲ್ಲಿ ಸಣ್ಣ ಸಣ್ಣ ಗೀರುಗಳು. ಆ ಗೀರು ತುಂಬುವಷ್ಟು ಮಲ ಸವರಿ, ಕಡ್ಡಿಯನ್ನು ವಾಪಸ್ ಬಾಟಲಿಗಿಟ್ಟು, ತಾರೀಕು ಬರೆದು ಅಂಚೆಗೆ ಹಾಕಿದರೆ ಮುಗಿಯಿತು. ಅಂಚೆ ಖರ್ಚೂ ಅವರದೇ. ನಾನು ಕೇಳಿರಲಿಲ್ಲ, ಯಾವ ಡಾಕ್ಟರೂ ಬರೆದುಕೊಟ್ಟಿರಲಿಲ್ಲ. ಇವನಿಗೆ ವಯಸ್ಸಾಯಿತು ಅಂತ ಅವರೇ ನೆನಪಿಟ್ಟು ಕಳಿಸಿದ್ದರು. ಖುಷಿಯಾಯಿತು. ಹಿಂದೆಯೇ ದೊಡ್ಡಪ್ಪ ನೆನಪಾಗಿ ಹೊಟ್ಟೆ ಉರಿಯಿತು.

ದೊಡ್ಡಪ್ಪನಿಗೆ ಮಲದಲ್ಲಿ ರಕ್ತ ಹೋಗುತ್ತಿತ್ತು. ದೊಡ್ಡಮ್ಮನಿಗೆ ಹೇಳಿದ್ದೇ ಎಷ್ಟೋ ತಿಂಗಳಾದ ಮೇಲೆ. ಸೊಸೆಯಂದಿರು ಓಡಾಡುವ ಮನೆಯಲ್ಲಿ ಇಂಥದ್ದನ್ನು ಹೇಗೆ ಮಾತಾಡುವುದು, ಅಲ್ವಾ? ಗೊತ್ತಾದ ಮೇಲೂ ಮೊದಲು ಬಂದ ಮಾತು "ಉಷ್ಣ ಆಗಿರಬೇಕು". ಆಮೇಲೆ "ಮೂಲವ್ಯಾಧಿ ಇರುತ್ತೆ ಬಿಡಿ, ಯಾರಿಗಿಲ್ಲ?" ಸುಸ್ತು ಜಾಸ್ತಿಯಾಯಿತು, ಹಿಮೋಗ್ಲೋಬಿನ್ ಇಳಿಯಿತು, ಕಬ್ಬಿಣದ ಮಾತ್ರೆ ಕೊಟ್ಟರು. ರಕ್ತ ಎಲ್ಲಿಂದ ಸೋರುತ್ತಿದೆ ಅಂತ ಯಾರೂ ಹುಡುಕಲಿಲ್ಲ. ಕೊನೆಗೆ ಕೊಲೊನೊಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ, ಮಾಡುವ ಹೊತ್ತಿಗೆ ಕ್ಯಾನ್ಸರ್ ಲಿವರ್‌ಗೆ ಹಬ್ಬಿತ್ತು.

ಸಂಕಟವಾಗುವುದು ಯಾಕೆಂದರೆ ಇದು ರಾತ್ರೋರಾತ್ರಿ ಬರುವ ಕಾಯಿಲೆಯಲ್ಲ. ಸಾಮಾನ್ಯವಾಗಿ ದೊಡ್ಡ ಕರುಳಿನ ಒಳಗೋಡೆಯಲ್ಲಿ ಮೊದಲು ಪಾಲಿಪ್ ಅನ್ನುವ ಸಣ್ಣ ಗಂಟು ಹುಟ್ಟುತ್ತದೆ. ಎಲ್ಲಾ ಪಾಲಿಪ್ ಕೆಡುವುದಿಲ್ಲ. ಕೆಡುವಂಥದ್ದಕ್ಕೂ ಹೆಚ್ಚಾಗಿ 10 ವರ್ಷದ ಆಸುಪಾಸು ಹಿಡಿಯುತ್ತದೆ. ಅಷ್ಟರಲ್ಲಿ ಕಣ್ಣಿಗೆ ಬಿದ್ದರೆ ಕೊಲೊನೊಸ್ಕೋಪಿ ಮಾಡುವಾಗಲೇ ತೆಗೆದುಬಿಡಬಹುದು. ಕ್ಯಾನ್ಸರ್ ಆಗುವುದೇ ತಪ್ಪುತ್ತದೆ. ಅಂಚೆಯಲ್ಲಿ ಬಂದ ಆ ಬಾಟಲಿಯ ಮಲಪರೀಕ್ಷೆ (ಹೆಸರು ಫಿಟ್, FIT) ಹುಡುಕುವುದು ಕಣ್ಣಿಗೆ ಕಾಣದಷ್ಟು ಸಣ್ಣ ರಕ್ತದ ಸುಳಿವನ್ನು. ಪಥ್ಯ ಬೇಡ, ಉಪವಾಸ ಬೇಡ. ರಕ್ತ ಸಿಕ್ಕಿತು ಅಂದರೆ ಕ್ಯಾನ್ಸರ್ ಅಂತಲೂ ಅಲ್ಲ, ಒಳಗೆ ನೋಡಬೇಕು ಅಂತ ಅಷ್ಟೇ.

ಇಂಗ್ಲೆಂಡಿನಲ್ಲಿ ಈ ತಪಾಸಣೆ 2006ರಲ್ಲಿ ಶುರುವಾಯಿತು. ಮೊದಲು 60 ದಾಟಿದವರಿಗೆ ಮಾತ್ರ ಇತ್ತು. ಈಗ 50ರಿಂದ 74ರವರೆಗೆ ಎರಡು ವರ್ಷಕ್ಕೊಮ್ಮೆ ಮನೆಗೇ ಬರುತ್ತದೆ. 75 ಆದವರು ಫೋನ್ ಮಾಡಿ ತರಿಸಿಕೊಳ್ಳಬಹುದು.

ನಮ್ಮಲ್ಲಿ? ಅಮ್ಮನಿಗೆ ಮಾಡಿಸಿದ 'ಫುಲ್ ಬಾಡಿ ಚೆಕಪ್' ವರದಿಯನ್ನು ಪೂರ್ತಿ ಓದಿದೆ. ಶುಗರ್, ಕೊಲೆಸ್ಟ್ರಾಲ್, ಥೈರಾಯ್ಡ್, ಇಸಿಜಿ, ವಿಟಮಿನ್ ಡಿ ಎಲ್ಲಾ ಇದೆ. ಮಲದಲ್ಲಿ ರಕ್ತ ಇದೆಯಾ ಅಂತ ನೋಡಿಲ್ಲ. ವಯಸ್ಸಾದವರ ಮೊಣಕಾಲಿನ ಬಗ್ಗೆ ಇಡೀ ಮನೆ ಮಾತಾಡುತ್ತದೆ, ಕರುಳಿನ ಬಗ್ಗೆ ಒಬ್ಬರೂ ಬಾಯಿ ಬಿಡುವುದಿಲ್ಲ. ಏನೂ ತೊಂದರೆ ಇಲ್ಲದಿರುವಾಗ ಸುಮ್ನೆ ಯಾಕೆ ಪರೀಕ್ಷೆ ಅನ್ನುತ್ತಾರೆ. ತೊಂದರೆ ಕಾಣಿಸುವ ಮೊದಲೇ ಮಾಡಿಸಬೇಕಾದ ಪರೀಕ್ಷೆ ಇದು. ರಕ್ತ ಕಣ್ಣಿಗೇ ಕಂಡಿದ್ದರೆ ಬಾಟಲಿಗೆ ಕಾಯಬಾರದು, ನೇರ ಡಾಕ್ಟರ ಹತ್ತಿರ ಹೋಗಬೇಕು. ಅಪ್ಪ, ಅಮ್ಮ, ಅಣ್ಣ, ತಂಗಿಗೆ ಈ ಕಾಯಿಲೆ ಬಂದಿದ್ದರೆ 50ರವರೆಗೂ ಕಾಯದೆ ಮೊದಲೇ ಕೇಳಬೇಕು.

ಇಲ್ಲಿ ಇಂಗ್ಲೆಂಡಿನಲ್ಲೂ ಎಲ್ಲವೂ ಸರಿ ಇದೆ ಅನ್ನಲಾರೆ. ಕೊಲೊನೊಸ್ಕೋಪಿಗೆ ಕಾದು ಕಾದು ಸಾಕಾದವರನ್ನು ನೋಡಿದ್ದೇನೆ. ಊರಲ್ಲಿ ದುಡ್ಡಿದ್ದರೆ ಅದೇ ವಾರ ಆಗಿಬಿಡುತ್ತದೆ. ಇಲ್ಲಿರುವ ನಮ್ಮವರಲ್ಲೂ ಎಷ್ಟೋ ಜನ ಆ ಲಕೋಟೆಯನ್ನು ಒಡೆಯದೆ ಡ್ರಾಯರ್‌ಗೆ ತಳ್ಳುತ್ತಾರೆ. ಭಾರತದಲ್ಲಿ ಈ ಕ್ಯಾನ್ಸರಿನ ಪ್ರಮಾಣ ಇಲ್ಲಿಗಿಂತ ಕಡಿಮೆ, ಅದೂ ನಿಜ. ಸರ್ಕಾರದ ತಪಾಸಣೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರಿಗೆ ಮೊದಲ ಜಾಗ ಕೊಟ್ಟಿದ್ದಕ್ಕೆ ಕಾರಣ ಇದೆ, ಒಪ್ಪುತ್ತೇನೆ.

ಆದರೂ ಆ ತಪಾಸಣೆಗೆ ಹೆಸರು ಬರೆದುಕೊಳ್ಳಲು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗುತ್ತಲೇ ಇದ್ದಾರಲ್ಲ. 50 ದಾಟಿದವರು ಇರುವ ಮನೆಯಲ್ಲಿ ಅವರು ಇದೊಂದು ಬಾಟಲಿಯನ್ನೂ ಕೊಟ್ಟು, ವಾರ ಬಿಟ್ಟು ವಾಪಸ್ ತೆಗೆದುಕೊಂಡು ಹೋಗುವಂತೆ ಮಾಡಬಹುದು. ಒಂದು ತಾಲ್ಲೂಕಿನಲ್ಲಾದರೂ ಶುರು ಮಾಡಲಿ.