ಕಲಿಸುವ ಕೈಗೂ ಸಿಗಲಿ ಸರ್ಕಾರದ ದುಡ್ಡು

ಹೋದ ತಿಂಗಳು ಇಂಗ್ಲೆಂಡಿನ ಕೊವೆಂಟ್ರಿಯ ನಮ್ಮ ಮನೆಗೆ ಫ್ಯೂಸ್ ಬೋರ್ಡ್ ಬದಲಿಸಲು ಎಲೆಕ್ಟ್ರಿಷಿಯನ್ ಬಂದಿದ್ದರು. ಜೊತೆಗೆ 19 ವರ್ಷದ ಹುಡುಗ, ಅಪ್ರೆಂಟಿಸ್. ಟೀ ಕೊಡಲು ಹೋದರೆ ಬೋರ್ಡಿಗೆ ಕೈ ಹಾಕಿದ್ದವನು ಆ ಹುಡುಗ. ದೊಡ್ಡವರು ಪಕ್ಕದಲ್ಲಿ ನಿಂತು ಒಂದೊಂದೇ ಹೇಳಿಕೊಡುತ್ತಿದ್ದರು. ವಾರಕ್ಕೊಂದು ದಿನ ಕಾಲೇಜು, ಆ ದಿನಕ್ಕೂ ಸಂಬಳ ಇದೆ ಅಂದ.

ನನಗೆ ಹರಿಹರದ ಅಣ್ಣನ ಮಗ ನೆನಪಾದ. ಐಟಿಐ ಮುಗಿಸಿ 2023ರಲ್ಲಿ ಒಂದು ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿದ್ದ. ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: "ಚಿಕ್ಕಪ್ಪಾ, ಪ್ಯಾನೆಲ್ ಮುಟ್ಟೋಕೆ ಬಿಡಲ್ಲ. ಕೇಬಲ್ ಹೊರಿಸ್ತಾರೆ, ಟೀ ತರಿಸ್ತಾರೆ."

ಎರಡೂ ಕಡೆ ಸರ್ಕಾರ ದುಡ್ಡು ಕೊಡುತ್ತದೆ. ಯಾವುದಕ್ಕೆ ಕೊಡುತ್ತದೆ ಅನ್ನುವುದೇ ಬೇರೆ. ಇಂಗ್ಲೆಂಡಿನಲ್ಲಿ ವರ್ಷದ ಸಂಬಳದ ಬಿಲ್ಲು 30 ಲಕ್ಷ ಪೌಂಡ್ ದಾಟಿದ ಕಂಪನಿಗಳು 2017ರಿಂದ ಅದರ ಮೇಲೆ ಶೇ 0.5ರ ಲೆವಿ, ಅಂದರೆ ಅಪ್ರೆಂಟಿಸ್ ತರಬೇತಿಗೆಂದು ಸರ್ಕಾರಕ್ಕೆ ಒಂದು ತೆರಿಗೆ, ಕಟ್ಟುತ್ತವೆ. ಸಣ್ಣ ಕಂಪನಿ 22 ತುಂಬದವರನ್ನು ಸೇರಿಸಿಕೊಂಡರೆ, 2024ರ ಏಪ್ರಿಲ್‌ನಿಂದ ನಿಗದಿತ ಮಿತಿಯೊಳಗೆ ತರಬೇತಿಯ ಪೂರ್ತಿ ಖರ್ಚು ಸರ್ಕಾರದ್ದೇ. ಆ ದುಡ್ಡು ಕಲಿಕೆಗೆ, ಪರೀಕ್ಷೆಗೆ ಮಾತ್ರ. ಸಂಬಳಕ್ಕೆ ಮುಟ್ಟುವಂತಿಲ್ಲ, ಅದನ್ನು ಮಾಲೀಕರೇ ಕೊಡಬೇಕು. ನಮ್ಮ ಹುಡುಗ ಸೇರಿದಾಗ ಕೇಂದ್ರ ಸರ್ಕಾರದ ಎನ್‌ಎಪಿಎಸ್ (ಅಪ್ರೆಂಟಿಸ್‌ಗಳನ್ನು ಸೇರಿಸಿಕೊಳ್ಳಲು ಉತ್ತೇಜನ ಕೊಡುವ ರಾಷ್ಟ್ರೀಯ ಯೋಜನೆ) ಕೊಡುತ್ತಿದ್ದುದು ಸ್ಟೈಪೆಂಡಿನ ಶೇ 25, ಹೆಚ್ಚೆಂದರೆ ತಿಂಗಳಿಗೆ 1,500 ರೂಪಾಯಿ. ಹಾಜರಿ ಇದ್ದರೆ ಸಾಕು. ಅವನು ಆ ತಿಂಗಳು ಏನು ಕಲಿತ ಅಂತ ಒಬ್ಬರೂ ಬಂದು ಕೇಳಲಿಲ್ಲ. ಒಂದು ವರ್ಷ ಅಂದರೆ ಹುಡುಗರಿಗೆ ಸಣ್ಣದಲ್ಲ, ಅಲ್ವಾ? ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಆ 1,500 ಬೇಡ ಅಂತ ನಾನು ಹೇಳುತ್ತಿಲ್ಲ. ಬಸ್ಸಿಗೆ, ಊಟಕ್ಕೆ ಅದೇ ಆಗುತ್ತಿತ್ತು, ಅಣ್ಣನ ಹತ್ತಿರ ಕೈಚಾಚದೆ ವರ್ಷ ಕಳೆದ. ಅದರ ಜೊತೆ ಕಲಿಸುವವರಿಗೂ ದುಡ್ಡು ಇಡಿ, ಕಲಿಸಿದ್ದನ್ನು ಬಂದು ನೋಡಿ ಅನ್ನುವುದಷ್ಟೇ ನನ್ನ ಮಾತು.

ಇಲ್ಲಿಯದೂ ಎಲ್ಲ ಚೆನ್ನಾಗಿಲ್ಲ ಬಿಡಿ. ಅರ್ಧಕ್ಕೆ ಬಿಡುವ ಅಪ್ರೆಂಟಿಸ್‌ಗಳು ಇಲ್ಲೂ ಜಾಸ್ತಿ. ಲೆವಿ ದುಡ್ಡಲ್ಲಿ ಹೊಸ ಹುಡುಗರ ಬದಲು ತಮ್ಮ ಮ್ಯಾನೇಜರ್‌ಗಳಿಗೇ ಕೋರ್ಸ್ ಮಾಡಿಸಿದ ಕಂಪನಿಗಳಿವೆ.

ಇನ್ನೊಂದು ವಿಷಯವನ್ನೂ ಹೇಳಲೇಬೇಕು. ಅಣ್ಣನ ಮಗ ಈಗ ಪ್ಯಾನೆಲ್ ವೈರಿಂಗ್ ಚೆನ್ನಾಗಿ ಮಾಡುತ್ತಾನೆ. ಕೊನೆಯ ನಾಲ್ಕು ತಿಂಗಳು ಅಲ್ಲಿನ ವಯಸ್ಸಾದ ಫಿಟ್ಟರ್ ಒಬ್ಬರು ಶಿಫ್ಟ್ ಮುಗಿದ ಮೇಲೆ ದಿನಾ ಒಂದು ಗಂಟೆ ಅವನನ್ನು ಕೂರಿಸಿಕೊಂಡು ಕಲಿಸಿದರಂತೆ. ಅದಕ್ಕೆ ಅವರಿಗೆ ಯಾರೂ ಒಂದು ರೂಪಾಯಿ ಕೊಟ್ಟಿಲ್ಲ.