ಸಿಂಬಿಡಿಯಂಗೆ ಬೇಕಿರುವುದು ರಾತ್ರಿಯ ತಂಪು

ನೆರಳಲ್ಲಿಟ್ಟು ದಿನಾ ನೀರು ಚಿಮುಕಿಸಿದರೆ ಸಿಂಬಿಡಿಯಂ ಎಂಬ ಆರ್ಕಿಡ್ ಗಿಡ ಯಾವ ಊರಲ್ಲಾದರೂ ಹೂ ಬಿಡುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ದಾವಣಗೆರೆಯಲ್ಲಿ ನಾಲ್ಕು ವರ್ಷದಿಂದ ಬೆಳೆಸುತ್ತಿದ್ದೇನೆ ಸರ್, ಇದನ್ನು ಒಪ್ಪಲು ಆಗುವುದಿಲ್ಲ. ಗಿಡ ಬದುಕುತ್ತದೆ, ಎಲೆ ಉದ್ದುದ್ದ ಹಸಿರಾಗಿ ಬರುತ್ತದೆ, ಆದರೆ ಮೊದಲ ಮೂರು ವರ್ಷ ನನಗೆ ಒಂದೇ ಒಂದು ಹೂವಿನ ಕಡ್ಡಿಯೂ ಬರಲಿಲ್ಲ. ದೊಡ್ಡ ಹೂವಿನ ತಳಿಗಳ ಮೂಲ ಹಿಮಾಲಯದ ಕಡೆಯ ಜಾತಿಗಳು, ಮೊಗ್ಗು ಕಟ್ಟಬೇಕಾದರೆ ಅವಕ್ಕೆ ರಾತ್ರಿ 10ರಿಂದ 15 ಡಿಗ್ರಿ ತಂಪು ಬೇಕು. ನಮ್ಮಲ್ಲಿ ಏಪ್ರಿಲ್‌ನಲ್ಲಿ ಹಗಲು 38ರ ಆಸುಪಾಸು, ರಾತ್ರಿಯೂ ತಾರಸಿ ಕಾಂಕ್ರೀಟು ಬಿಸಿ ಬಿಡುತ್ತಲೇ ಇರುತ್ತದೆ, ಅಲ್ವಾ?

ಕುಂಡಗಳನ್ನು ತಾರಸಿಯಿಂದ ಇಳಿಸಿ ಹಿತ್ತಲಿನ ಮಣ್ಣು ನೆಲದ ಹತ್ತಿರ, ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ ಇಟ್ಟೆ. ಸುತ್ತ ಒದ್ದೆ ಗೋಣಿಚೀಲ ಇಳಿಬಿಟ್ಟೆ. ನಮ್ಮ ಬೇಸಿಗೆ ಗಾಳಿ ಒಣಗಿರುವುದರಿಂದ ನೀರು ಬೇಗ ಆರಿ ಚೆನ್ನಾಗಿ ತಂಪಾಗುತ್ತದೆ, ಮಳೆಗಾಲದಲ್ಲಿ ಇದರಿಂದ ಅಷ್ಟು ಉಪಯೋಗವಿಲ್ಲ. ಇನ್ನೊಂದು, ಬೋರ್‌ವೆಲ್ ನೀರು. ಅದರ ಉಪ್ಪು ಬೇರಿಗೆ ಕೂತು ಎಲೆ ತುದಿ ಕಪ್ಪಾಗುತ್ತಿತ್ತು, ಡ್ರಮ್ಮಿನಲ್ಲಿ ಹಿಡಿದ ಮಳೆನೀರು ಹಾಕಿದ ಮೇಲೆ ಹೊಸ ಎಲೆಗಳು ಸ್ವಚ್ಛವಾಗಿ ಬಂದವು. ಈ ಫೆಬ್ರವರಿಯಲ್ಲಿ ಒಂದು ಕಡ್ಡಿ ಬಂತು, ಏಳು ಹೂವು! ಮನೆಮಂದಿಯೆಲ್ಲ ದಿನಾ ಹೋಗಿ ನೋಡುತ್ತಿದ್ದೆವು.

ಆದರೆ ನಾನು ತಂದಿದ್ದ ಇನ್ನೊಂದು ಬಗೆಯ ಆರ್ಕಿಡ್, ಮಸ್ಡೆವಾಲಿಯಾ, ಉಳಿಯಲಿಲ್ಲ. ಆಂಡೀಸ್ ಬೆಟ್ಟದ ಮಂಜಿನ ಕಾಡಿನ ಗಿಡ, ನೀರು ಕೂಡಿಡಲು ಗಡ್ಡೆಯೂ ಇಲ್ಲ, ನನ್ನ ಹತ್ತಿರ ಇದ್ದ ಎರಡು ಗಿಡಗಳೂ ಒಂದೇ ಮೇ ತಿಂಗಳಲ್ಲಿ ಹೋದವು. ಹೊಸಬರು ದಯವಿಟ್ಟು ಸುಮ್ನೆ ಅದಕ್ಕೆ ದುಡ್ಡು ಹಾಕಬೇಡಿ. ವಾಂಡಾ, ಡೆಂಡ್ರೋಬಿಯಂನಂಥ ಸೆಕೆ ತಡೆಯುವ ಆರ್ಕಿಡ್ ತಗೊಳ್ಳಿ, ಇಲ್ಲವೇ ನಮ್ಮ ಮಲೆನಾಡಿನ ಸೀತಾಳೆ ದಂಡೆ, ಅದನ್ನೂ ಕಾಡಿನಿಂದ ಕಿತ್ತು ತರಬೇಡಿ, ನರ್ಸರಿಯಲ್ಲಿ ಬೆಳೆಸಿದ್ದನ್ನೇ ಕೇಳಿ ತನ್ನಿ.